‘ಬೇಡ’ ಎಂದವರ ಹೆಸರು ಬರೆದಿಡಿ
ಅಮೆರಿಕದ ಅಧ್ಯಕ್ಷರ ವೀಟೋ ಮತ್ತು ಅದನ್ನು ಮೀರಿದ ಶಾಸನಸಭೆಯ ಕಥೆ

(ಮಹಿಳಾ ಕಾರ್ಯಕರ್ತೆಯರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಈ ಶಿಬಿರದ ಸಂಘಟಕಿಯರು ನನ್ನನ್ನು ಕರೆದಾಗ, “ಮೇಡಂ, ನೀವು ಅಷ್ಟು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿದವರು. ಒಂದು ಕಾನೂನು ಹೇಗೆ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ ಎಂಬುದನ್ನು ನಮ್ಮ ಹುಡುಗಿಯರಿಗೆ ತಿಳಿಯುವ ಹಾಗೆ ಹೇಳಿ” ಎಂದರು. ಹಾಗಾದರೆ ಅಮೆರಿಕದ ಅಧ್ಯಕ್ಷರ ವೀಟೋ ಅಧಿಕಾರದ ಚರಿತ್ರೆ ಹೇಳುತ್ತೇನೆ ಎಂದೆ. ಅವರು ಒಂದು ಗಳಿಗೆ ಸುಮ್ಮನಾದರು. ಪೊಲೀಸ್ ಠಾಣೆ, ಕೋರ್ಟು, ಆಸ್ಪತ್ರೆ ಎಂದು ದಿನವೂ ಅಲೆಯುವ ನಿಮಗೆ ಅಮೆರಿಕದ ಅಧ್ಯಕ್ಷರ ಉಸಾಬರಿ ಏಕೆ ಎಂದು ಅವರಿಗೆ ಅನ್ನಿಸಿರಬೇಕು. ನಿಮಗೂ ಅನ್ನಿಸಬಹುದು.

ಕಾರಣ ಹೇಳುತ್ತೇನೆ. ಇರುವ ಕಾನೂನು ಜಾರಿಯಾಗುತ್ತಿಲ್ಲ ಎಂಬುದು ನಮ್ಮ ಸಾಮಾನ್ಯ ದೂರು. ಅದು ನಿಜವೇ. ಆದರೆ ಆಗಬೇಕಾದ ಕಾನೂನು ಆಗದೇ ಹೋಗುವುದು, ಅಥವಾ ಹೊತ್ತು ಮೀರಿ ಆಗುವುದು, ಇದೂ ಹೆಣ್ಣುಮಕ್ಕಳ ಬದುಕನ್ನು ಕೆಡಿಸಿದೆ. ಇದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಜನರು ಆರಿಸಿ ಕಳಿಸಿದ ಸಭೆ ‘ಆಗಲಿ’ ಎಂದ ಮೇಲೆ ಒಬ್ಬ ವ್ಯಕ್ತಿ ‘ಬೇಡ’ ಎನ್ನಬಹುದೇ? ಎನ್ನಬಹುದಾದರೆ ಎಷ್ಟು ದಿನದೊಳಗೆ ಎನ್ನಬೇಕು? ಕಾರಣ ಕೊಡಬೇಕೇ? ಆ ‘ಬೇಡ’ವನ್ನು ದಾಟುವ ದಾರಿ ಯಾವುದು? ಈ ಪ್ರಶ್ನೆಗಳನ್ನು ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಬಹಿರಂಗವಾಗಿ, ಲೆಕ್ಕ ಇಟ್ಟು ಎದುರಿಸುತ್ತಾ ಬಂದ ದೇಶ ಅದು. ಆ ಲೆಕ್ಕದಲ್ಲಿ ನಮಗೆ ಪಾಠವಿದೆ.

ವೀಟೋ ಎಂಬುದು ಲ್ಯಾಟಿನ್ ಮಾತು. ‘ನಾನು ತಡೆಯುತ್ತೇನೆ’ ಎಂದು ಅರ್ಥ. ಹಳೆಯ ರೋಮಿನಲ್ಲಿ ಜನಸಾಮಾನ್ಯರ ಪರವಾಗಿ ಆಯ್ಕೆಯಾದ ಟ್ರಿಬ್ಯೂನರಿಗೆ ಮೇಲ್ವರ್ಗದವರ ನಿರ್ಧಾರಗಳನ್ನು ತಡೆಯುವ ಅಧಿಕಾರವಿತ್ತು. ಅಂದರೆ ಮೊದಮೊದಲು ಅದು ಕೆಳಗಿನವರ ಅಸ್ತ್ರ. ಮುಂದೆ ರಾಜರ ಕೈಯಲ್ಲಿ ಅದೇ ಮೇಲಿನವರ ಅಸ್ತ್ರವಾಯಿತು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ಕೊನೆಯ ಸಲ ಅಂಕಿತ ನಿರಾಕರಿಸಿದವಳು ಆ್ಯನ್ ರಾಣಿ, 1708ರಲ್ಲಿ. ಆದರೆ ಅಮೆರಿಕದ ವಸಾಹತುಗಳ ಸಭೆಗಳು ಒಪ್ಪಿದ ಮಸೂದೆಗಳನ್ನು ಲಂಡನ್ನು ಆ ಮೇಲೂ ತಡೆಯುತ್ತಲೇ ಇತ್ತು. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ರಾಜನ ಮೇಲೆ ಹೊರಿಸಿದ ಆರೋಪಗಳ ಪಟ್ಟಿಯಿದೆ. ಅದರಲ್ಲಿ ಮೊಟ್ಟಮೊದಲನೆಯದೇ ಇದು: ಜನಹಿತಕ್ಕೆ ಬೇಕಾದ ಕಾನೂನುಗಳಿಗೆ ಆತ ಒಪ್ಪಿಗೆ ಕೊಡಲಿಲ್ಲ ಎಂದು.

ಹೀಗೆ ರಾಜನ ‘ಬೇಡ’ದಿಂದ ಬೆಂದವರು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತರು. (ಎಲ್ಲರೂ ಗಂಡಸರು ಎಂದು ಬೇರೆ ಹೇಳಬೇಕಾಗಿಲ್ಲ.) ಅಧ್ಯಕ್ಷನಿಗೆ ತಡೆಯುವ ಅಧಿಕಾರ ಪೂರ್ತಿ ಇರಲಿ ಎಂದು ಹ್ಯಾಮಿಲ್ಟನ್ ಮತ್ತು ಜೇಮ್ಸ್ ವಿಲ್ಸನ್ ವಾದಿಸಿದರು. ಸಭೆ ಒಪ್ಪಲಿಲ್ಲ. ಶಾಸನಸಭೆ ಅದನ್ನು ಮೀರಬಹುದು, ಆದರೆ ಎಷ್ಟು ಬಹುಮತದಿಂದ? ನಾಲ್ಕನೇ ಮೂರರಷ್ಟು ಎಂದು ಒಮ್ಮೆ ತೀರ್ಮಾನಿಸಿ, ಕೊನೆಯ ವಾರದಲ್ಲಿ ಮೂರನೇ ಎರಡರಷ್ಟು ಸಾಕು ಎಂದು ಇಳಿಸಿದರು. ಆ ಕಲಮಿನಲ್ಲಿ ‘ವೀಟೋ’ ಎಂಬ ಶಬ್ದವನ್ನೇ ಬಳಸಿಲ್ಲ.

ಅವರು ಹಾಕಿದ ಕಟ್ಟಳೆಗಳನ್ನು ಗಮನವಿಟ್ಟು ಕೇಳಿ, ನನ್ನ ಮಾತೆಲ್ಲ ಇದರ ಮೇಲೇ ನಿಂತಿದೆ. ಒಂದು: ಭಾನುವಾರ ಬಿಟ್ಟು ಹತ್ತು ದಿನದೊಳಗೆ ಅಧ್ಯಕ್ಷ ಉತ್ತರ ಕೊಡಬೇಕು. ಎರಡು: ಒಪ್ಪದಿದ್ದರೆ ಮಸೂದೆಯನ್ನು ಆಕ್ಷೇಪಣೆಗಳ ಸಮೇತ ಹಿಂದಿರುಗಿಸಬೇಕು, ಆ ಆಕ್ಷೇಪಣೆಗಳನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮೂರು: ಸಭೆ ಮತ್ತೆ ಮತ ಹಾಕುವಾಗ ‘ಹೌದು’ ಎಂದವರು ಯಾರು, ‘ಇಲ್ಲ’ ಎಂದವರು ಯಾರು ಎಂದು ಹೆಸರು ಹೆಸರಾಗಿ ದಾಖಲಾಗಬೇಕು. ನಾಲ್ಕು: ಎರಡೂ ಸದನಗಳಲ್ಲಿ ಮೂರನೇ ಎರಡಂಶ ಬಂದರೆ ಅಧ್ಯಕ್ಷನ ಸಹಿ ಇಲ್ಲದೆಯೇ ಅದು ಕಾನೂನು. ಅವಧಿ, ಕಾರಣ, ಹೆಸರು, ಮರುಮತದಾನ. ಈ ನಾಲ್ಕನ್ನು ನೆನಪಿಡಿ.

ಈ ಮೂರನೇ ಎರಡಂಶ ಕೇಳಲು ಸುಲಭ, ಮಾಡಲು ಕಷ್ಟ. ಈಗ ಜನಪ್ರತಿನಿಧಿ ಸಭೆಯಲ್ಲಿ 435 ಮಂದಿ, ಸೆನೆಟ್‌ನಲ್ಲಿ 100 ಮಂದಿ. ಎಲ್ಲರೂ ಹಾಜರಿದ್ದರೆ ಅಲ್ಲಿ 290, ಇಲ್ಲಿ 67 ಬೇಕು. ಅಂದರೆ ಸೆನೆಟ್‌ನಲ್ಲಿ 34 ಜನ ಅಧ್ಯಕ್ಷನ ಜೊತೆ ನಿಂತರೆ ಮುಗಿಯಿತು. 1789ರಿಂದ ಇಲ್ಲಿಯ ವರೆಗೆ ಸುಮಾರು 2,600 ವೀಟೋಗಳಾಗಿವೆ. ಸಭೆ ಮೀರಿ ಗೆದ್ದದ್ದು ಅವುಗಳಲ್ಲಿ 112 ಮಾತ್ರ. ನೂರಕ್ಕೆ ನಾಲ್ಕು ಎನ್ನಿ. 112ನೆಯದು ಟ್ರಂಪ್ ಅವರ ಮೊದಲ ಅವಧಿಯ ಕೊನೆಯಲ್ಲಿ, 2021ರ ಜನವರಿ 1ರಂದು, ರಕ್ಷಣಾ ಇಲಾಖೆಯ ಮಸೂದೆಯ ಮೇಲೆ.

ಮೊದಲ ಅಧ್ಯಕ್ಷ ವಾಷಿಂಗ್ಟನ್ ಎಂಟು ವರ್ಷಗಳಲ್ಲಿ ಎರಡೇ ಸಲ ವೀಟೋ ಮಾಡಿದರು, ಮೊದಲನೆಯದು 1792ರಲ್ಲಿ. ಮೊದಲ ಆರು ಅಧ್ಯಕ್ಷರದೆಲ್ಲ ಸೇರಿ ಹತ್ತು. ಮಸೂದೆ ಸಂವಿಧಾನಕ್ಕೆ ವಿರುದ್ಧವೆನ್ನಿಸಿದರೆ ಮಾತ್ರ ತಡೆಯಬೇಕು ಎಂಬ ಸಂಕೋಚ ಹೆಚ್ಚಾಗಿ ಇತ್ತು. ಆ ಸಂಕೋಚವನ್ನು ಮುರಿದವನು ಆ್ಯಂಡ್ರೂ ಜಾಕ್ಸನ್. 1832ರಲ್ಲಿ ರಾಷ್ಟ್ರೀಯ ಬ್ಯಾಂಕಿನ ಮಸೂದೆಯನ್ನು, ಇದು ಸಿರಿವಂತರಿಗೆ ಅನುಕೂಲ ಮಾಡುವ ಕೆಟ್ಟ ನೀತಿ ಎಂದೂ ಹೇಳಿ ತಿರಸ್ಕರಿಸಿದ. ಸಭೆ ಮೊದಲ ಬಾರಿಗೆ ಒಬ್ಬ ಅಧ್ಯಕ್ಷನ ವೀಟೋವನ್ನು ಮೀರಿದ್ದು 1845ರ ಮಾರ್ಚ್ 3ರಂದು, ಜಾನ್ ಟೈಲರ್‌ನ ಅಧಿಕಾರದ ಕೊನೆಯ ದಿನ. ವಿಷಯ ಸುಂಕದ ಇಲಾಖೆಯ ಹಡಗು ಕಟ್ಟುವುದು. ಸಣ್ಣ ವಿಷಯವೇ, ಆದರೆ ಅಧ್ಯಕ್ಷನ ‘ಬೇಡ’ ಕೊನೆಯ ಮಾತಲ್ಲ ಎಂದು ತೋರಿಸಲು ಸಭೆಗೆ ಐವತ್ತಾರು ವರ್ಷ ಹಿಡಿಯಿತು.

ಮತವಿಲ್ಲದ ಒಬ್ಬ ಹೆಂಗಸು

ಇನ್ನು ನಮಗೆ ಸಂಬಂಧಪಟ್ಟ ಕಥೆಗಳಿಗೆ ಬರುತ್ತೇನೆ. ಡೊರೋಥಿಯಾ ಡಿಕ್ಸ್ ಎಂಬ ಶಿಕ್ಷಕಿ ಜೈಲುಗಳನ್ನೂ ಅನಾಥಾಲಯಗಳನ್ನೂ ಸುತ್ತಿ, ಮಾನಸಿಕ ಅಸ್ವಸ್ಥರನ್ನು ಸರಪಳಿ ಹಾಕಿ ಕತ್ತಲೆಕೋಣೆಗಳಲ್ಲಿ ಕೂಡಿಟ್ಟದ್ದನ್ನು ಕಣ್ಣಾರೆ ಕಂಡು ಬರೆದಿಟ್ಟರು. ಅವರ ಆರೈಕೆಗಾಗಿ ಸರ್ಕಾರಿ ಭೂಮಿಯನ್ನು ಮೀಸಲಿಡಬೇಕೆಂದು 1848ರಲ್ಲಿ ಕಾಂಗ್ರೆಸ್ಸಿಗೆ ಮನವಿ ಕೊಟ್ಟರು. ಆಗ ಹೆಂಗಸರಿಗೆ ಮತದ ಹಕ್ಕಿಲ್ಲ. ಒಬ್ಬೊಬ್ಬ ಸದಸ್ಯನನ್ನೂ ಕಂಡು, ಕೂರಿಸಿ ವಿವರಿಸಿ, ಸೋತು, ಮತ್ತೆ ಕೊಟ್ಟು, ಆರು ವರ್ಷ ಹೆಣಗಿದರು. 1854ರಲ್ಲಿ ಎರಡೂ ಸದನಗಳು ಒಂದು ಕೋಟಿ ಇಪ್ಪತ್ತು ಲಕ್ಷ ಎಕರೆಗೂ ಮಿಕ್ಕಿ ಭೂಮಿ ಕೊಡುವ ಮಸೂದೆಯನ್ನು ಒಪ್ಪಿದವು.

ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಮೇ 3ರಂದು ವೀಟೋ ಮಾಡಿದ. ಬಡವರ, ರೋಗಿಗಳ ಆರೈಕೆ ಕೇಂದ್ರ ಸರ್ಕಾರದ ಕೆಲಸವಲ್ಲ, ಅದು ಆಯಾ ರಾಜ್ಯಗಳದು ಎಂಬುದು ಅವನ ಕಾರಣ. ಮೀರುವ ಪ್ರಯತ್ನ ಸೆನೆಟ್‌ನಲ್ಲಿ ಸೋತಿತು. ಈ ನಿಲುವು 1930ರ ದಶಕದ ವರೆಗೂ ಅಲ್ಲಿ ಬಲವಾಗಿಯೇ ಉಳಿಯಿತು. ಒಂದು ‘ಬೇಡ’ದ ಆಯುಸ್ಸು ಎಷ್ಟು ಉದ್ದ ನೋಡಿ. ‘ಅದು ನಮ್ಮ ಇಲಾಖೆಯ ಕೆಲಸವಲ್ಲ’ ಎಂಬ ಮಾತು ನಿಮಗೂ ಹೊಸದಲ್ಲ. ಹೊಡೆತ ತಿಂದ ಹೆಂಗಸನ್ನು ಠಾಣೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಠಾಣೆಗೆ ಅಲೆಸುವಾಗ ಕೇಳುವುದು ಇದೇ ಮಾತು.

ಸೋತು ಐದು ತಿಂಗಳಲ್ಲಿ ಗೆದ್ದದ್ದು

ಎರಡನೆಯ ಕಥೆ 1866ರದು. ಅಂತರ್ಯುದ್ಧ ಮುಗಿದಿತ್ತು. 1865ರ ಡಿಸೆಂಬರಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾಗಿತ್ತು. ಆದರೆ ದಕ್ಷಿಣದ ರಾಜ್ಯಗಳು ಹೊಸ ಕಟ್ಟಳೆಗಳನ್ನು ತಂದು ಬಿಡುಗಡೆಯಾದ ಕಪ್ಪು ಜನರನ್ನು ಮತ್ತೆ ಹಳೆಯ ಒಡೆಯರ ಹೊಲಗಳಿಗೇ ಕಟ್ಟಿಹಾಕತೊಡಗಿದವು. ಅವರ ನೆರವಿಗಿದ್ದ ಕಚೇರಿಯನ್ನು ಮುಂದುವರಿಸುವ ಮಸೂದೆಯನ್ನು ಕಾಂಗ್ರೆಸ್ಸು ಒಪ್ಪಿತು. ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಫೆಬ್ರವರಿಯಲ್ಲಿ ಅದನ್ನು ವೀಟೋ ಮಾಡಿದ. ಸೆನೆಟ್‌ನಲ್ಲಿ ಪರವಾಗಿ 30, ವಿರುದ್ಧ 18. ಎರಡು ಮತ ಕಡಿಮೆಯಾಗಿ ಸೋತರು.

ಸೋತವರು ಮನೆಗೆ ಹೋಗಿ ಕೂರಲಿಲ್ಲ. ಮುಂದಿನ ತಿಂಗಳೇ ನಾಗರಿಕ ಹಕ್ಕುಗಳ ಮಸೂದೆಯನ್ನು ಒಪ್ಪಿ ಕಳಿಸಿದರು. ಜಾನ್ಸನ್ ಅದನ್ನೂ ವೀಟೋ ಮಾಡಿದ. ಅವನು ಕೊಟ್ಟ ಕಾರಣಗಳಲ್ಲಿ ಒಂದು, ಈ ಕಾನೂನು ಬಿಳಿಯರಿಗೆ ಎಂದೂ ಕೊಡದ ರಕ್ಷಣೆಯನ್ನು ಕಪ್ಪು ಜನರಿಗೆ ಕೊಟ್ಟು ಬಿಳಿಯರಿಗೆ ಅನ್ಯಾಯ ಮಾಡುತ್ತದೆ ಎಂಬುದು! ಗೆಳತಿಯರೇ, ಈ ವಾದ ಎಲ್ಲೋ ಕೇಳಿದ ಹಾಗಿಲ್ಲವೇ? 1983ರಲ್ಲಿ ದಂಡಸಂಹಿತೆಗೆ 498ಎ ಸೇರಿದಾಗಿನಿಂದ, ಅದು 2024ರ ಜುಲೈನಲ್ಲಿ ನ್ಯಾಯ ಸಂಹಿತೆಯ 85ನೆಯ ಕಲಮಾಗಿ ಬದಲಾದ ಮೇಲೂ, ಗಂಡಸರಿಗೆ ಅನ್ಯಾಯ ಎಂಬ ಕೂಗು ನಿಂತಿಲ್ಲ. ಬಲವಿದ್ದವರು ತಮ್ಮ ಹಿಡಿತ ಸಡಿಲವಾಗುವುದನ್ನು ಅನ್ಯಾಯ ಎಂದು ಕರೆಯುವುದು ಹಳೆಯ ಪದ್ಧತಿ.

ಈ ಸಲ ಲೆಕ್ಕ ಬದಲಾಗಿತ್ತು. ಏಪ್ರಿಲ್ 6ರಂದು ಸೆನೆಟ್‌ನಲ್ಲಿ 33ಕ್ಕೆ 15, ಏಪ್ರಿಲ್ 9ರಂದು ಕೆಳಮನೆಯಲ್ಲಿ 122ಕ್ಕೆ 41. ಒಂದು ದೊಡ್ಡ ಕಾನೂನು ಅಧ್ಯಕ್ಷನ ‘ಬೇಡ’ವನ್ನು ದಾಟಿ ಬಂದದ್ದು ಅದೇ ಮೊದಲು. ಜುಲೈನಲ್ಲಿ, ಫೆಬ್ರವರಿಯಲ್ಲಿ ಸೋತಿದ್ದ ಆ ನೆರವಿನ ಕಚೇರಿಯ ಮಸೂದೆಯ ಹೊಸ ರೂಪವನ್ನೂ ವೀಟೋ ಮೀರಿ ಗೆಲ್ಲಿಸಿದರು. ಜಾನ್ಸನ್‌ನ ಒಟ್ಟು 15 ವೀಟೋಗಳನ್ನು ಸಭೆ ಮೀರಿತು. ಅಷ್ಟು ಸಲ ಸೋತ ಅಧ್ಯಕ್ಷ ಇನ್ನೊಬ್ಬನಿಲ್ಲ.

ಆದರೆ ಒಂದು ಕಹಿಯನ್ನೂ ಹೇಳಬೇಕು. ಈ ಹಕ್ಕುಗಳನ್ನು ಮುಂದಿನ ಯಾವ ಸಭೆಯೂ ಕಿತ್ತುಕೊಳ್ಳದಿರಲಿ ಎಂದು ಸಂವಿಧಾನಕ್ಕೇ 14ನೆಯ ತಿದ್ದುಪಡಿ ತಂದರು. 1868ರಲ್ಲಿ ಅದು ಜಾರಿಗೆ ಬಂದಾಗ, ಮತದಾರರ ಪ್ರಸ್ತಾಪ ಬರುವಲ್ಲಿ ‘ಗಂಡಸು’ ಎಂಬ ಶಬ್ದ ಮೊದಲ ಬಾರಿಗೆ ಅಮೆರಿಕದ ಸಂವಿಧಾನದೊಳಗೆ ಬಂತು. ಆ ಹೋರಾಟದಲ್ಲಿ ಹೆಗಲು ಕೊಟ್ಟಿದ್ದ ಹೆಂಗಸರನ್ನು ಬಾಗಿಲಾಚೆ ನಿಲ್ಲಿಸಿದರು. ಅವರಿಗೆ ದೇಶದಾದ್ಯಂತ ಮತ ಸಿಕ್ಕಿದ್ದು 1920ರಲ್ಲಿ, 19ನೆಯ ತಿದ್ದುಪಡಿಯಿಂದ. ಅಲ್ಲಿ ಸಂವಿಧಾನದ ತಿದ್ದುಪಡಿಗೆ ಅಧ್ಯಕ್ಷರ ಸಹಿಯೇ ಬೇಡ, ಆದ್ದರಿಂದ ವೀಟೋ ಭಯವೂ ಇರಲಿಲ್ಲ. ಆದರೆ ಮುಕ್ಕಾಲು ಪಾಲು ರಾಜ್ಯಗಳ ಒಪ್ಪಿಗೆ ಬೇಕು.

ವೀಟೋ ಎಂದರೆ ಯಾವಾಗಲೂ ಕೆಟ್ಟದ್ದು ಎಂದು ತಿಳಿಯಬೇಡಿ. ವಯೋಮಿಂಗ್ ಎಂಬ ಪ್ರಾಂತ 1869ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಎರಡೇ ವರ್ಷದಲ್ಲಿ ಅಲ್ಲಿನ ಶಾಸನಸಭೆಗೆ ಪಶ್ಚಾತ್ತಾಪವಾಗಿ, ಆ ಹಕ್ಕನ್ನು ಹಿಂತೆಗೆಯುವ ಮಸೂದೆ ಒಪ್ಪಿತು. ಗವರ್ನರ್ ಜಾನ್ ಕ್ಯಾಂಬೆಲ್ ಅದನ್ನು ವೀಟೋ ಮಾಡಿದರು. ಒಂದು ಸದನ ಅವರನ್ನು ಮೀರಿತು. ಇನ್ನೊಂದರಲ್ಲಿ ಒಂದೇ ಒಂದು ಮತದ ಕೊರತೆಯಾಯಿತು. ಆ ಒಂದು ಮತದಿಂದ ಅಲ್ಲಿನ ಹೆಂಗಸರ ಹಕ್ಕು ಉಳಿಯಿತು. 1890ರಲ್ಲಿ ವಯೋಮಿಂಗ್ ರಾಜ್ಯವಾಗಿ ಸೇರುವಾಗ ಆ ಹಕ್ಕಿನೊಡನೆಯೇ ಸೇರಿತು. ಅಗುಳಿ ಒಳಗಿನವರನ್ನು ಕಾಯುತ್ತದೆಯೋ ಕೂಡಿಹಾಕುತ್ತದೆಯೋ ಎಂಬುದು ಅದು ಯಾರ ಕೈಲಿದೆ ಎಂಬುದರ ಮೇಲಿದೆ.

ಶಿಶುಪಾಲನೆ, ಕಾಲೇಜು, ಬಾಣಂತನ

ಇಪ್ಪತ್ತನೆಯ ಶತಮಾನದಲ್ಲಿ ವೀಟೋ ದಿನದ ಬಳಕೆಯ ವಸ್ತುವಾಯಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಬ್ಬರದೇ 635. ಅವರಿಗಿಂತ ಮುಂಚೆ ಗ್ರೋವರ್ ಕ್ಲೀವ್‌ಲ್ಯಾಂಡ್ ಎರಡು ಅವಧಿಗಳಲ್ಲಿ 584 ಮಾಡಿದ್ದ. ಅವುಗಳಲ್ಲಿ ಬಹುಪಾಲು ಅಂತರ್ಯುದ್ಧದ ಸೈನಿಕರಿಗೆ, ಅವರ ವಿಧವೆಯರಿಗೆ ಪಿಂಚಣಿ ಕೊಡುವ ಬಿಡಿಬಿಡಿ ಮಸೂದೆಗಳು. ಸುಳ್ಳು ಅರ್ಜಿಗಳು ಇದ್ದವು ನಿಜ. ಆದರೆ ಒಬ್ಬೊಬ್ಬ ವಿಧವೆಯ ಅನ್ನದ ಪ್ರಶ್ನೆಯೂ ದೇಶದ ಅಧ್ಯಕ್ಷನ ಮೇಜಿನ ವರೆಗೆ ಹೋಗಿ ತೀರ್ಮಾನವಾಗುತ್ತಿತ್ತು ಎಂಬುದನ್ನು ಯೋಚಿಸಿ.

ಮೂರು ಪ್ರಸಂಗಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲನೆಯದು 1971. ದುಡಿಯುವ ತಾಯಂದಿರ ಮಕ್ಕಳಿಗೆ ದೇಶದಾದ್ಯಂತ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವ ಮಸೂದೆ ಎರಡೂ ಸದನ ದಾಟಿತು. ಡಿಸೆಂಬರ್ 9ರಂದು ನಿಕ್ಸನ್ ವೀಟೋ ಮಾಡಿದರು. ಮಕ್ಕಳನ್ನು ಸಮುದಾಯ ಬೆಳೆಸುವುದು ಕುಟುಂಬಕ್ಕೆ ಅಪಾಯ ಎಂಬ ದಾಟಿಯ ಮಾತು ಆ ಸಂದೇಶದಲ್ಲಿತ್ತು. ಮರುದಿನ ಸೆನೆಟ್‌ನಲ್ಲಿ ಪರವಾಗಿ 51, ವಿರುದ್ಧ 36. ಬಹುಮತವೇನೋ ಇತ್ತು, ಮೂರನೇ ಎರಡಂಶ ಇರಲಿಲ್ಲ. ಅಂಥ ವ್ಯಾಪಕ ವ್ಯವಸ್ಥೆ ಆ ದೇಶದಲ್ಲಿ ಇಂದಿಗೂ ಆಗಿಲ್ಲ. ‘ಕುಟುಂಬ ಒಡೆಯುತ್ತದೆ’ ಎಂಬ ಮಾತಿಗೆ ಎಲ್ಲ ದೇಶದಲ್ಲೂ ಎಷ್ಟು ಬೆಲೆ!

ಎರಡನೆಯದು ಕಾಲೇಜಿನ ವಿಷಯ, ನನ್ನ ವೃತ್ತಿಗೆ ಹತ್ತಿರದ್ದು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎಂದು ಅಲ್ಲಿ 1972ರಿಂದ ಕಾನೂನಿದೆ. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹಣ ಬಂದ ವಿಭಾಗಕ್ಕೆ ಮಾತ್ರ ಈ ಕಾನೂನು, ಇಡೀ ಕಾಲೇಜಿಗೆ ಅಲ್ಲ ಎಂದು ತೀರ್ಪು ಕೊಟ್ಟಿತು. ಮಹಿಳಾ ಸಂಘಟನೆಗಳು, ಕಪ್ಪು ಜನರ, ಅಂಗವಿಕಲರ, ವೃದ್ಧರ ಸಂಘಟನೆಗಳು ಒಟ್ಟಾಗಿ ನಾಲ್ಕು ವರ್ಷ ದುಡಿದು, ಇಡೀ ಸಂಸ್ಥೆಗೆ ಅನ್ವಯ ಎಂಬ ಮಸೂದೆಯನ್ನು ಗೆಲ್ಲಿಸಿದವು. 1988ರ ಮಾರ್ಚ್ 16ರಂದು ರೀಗನ್ ವೀಟೋ ಮಾಡಿದರು. ಆರು ದಿನಗಳಲ್ಲಿ, ಮಾರ್ಚ್ 22ರಂದು, ಸೆನೆಟ್ 73ಕ್ಕೆ 24, ಕೆಳಮನೆ 292ಕ್ಕೆ 133 ಮತಗಳಿಂದ ಅವರನ್ನು ಮೀರಿದವು. ಗೆಲುವಿನ ಹಿಂದೆ ಆರು ದಿನವಲ್ಲ, ನಾಲ್ಕು ವರ್ಷ ಇತ್ತು. ಹೆಂಗಸರು ಒಬ್ಬರೇ ಹೋಗಿದ್ದರೆ 73 ಆಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮೂರನೆಯದು ಹೆರಿಗೆ ಮತ್ತು ಕಾಯಿಲೆಯ ರಜೆ. ನಮ್ಮಲ್ಲಿ 1961ರ ಹೆರಿಗೆ ಸೌಲಭ್ಯ ಕಾಯಿದೆಯೇ ಹನ್ನೆರಡು ವಾರ ಸಂಬಳ ಸಹಿತ ರಜೆ ಕೊಟ್ಟಿತ್ತು. ಅದರ ವ್ಯಾಪ್ತಿ ಎಷ್ಟು ಜನರಿಗೆ ಎಂಬುದು ಬೇರೆ ಮಾತು. ಶ್ರೀಮಂತ ಅಮೆರಿಕದಲ್ಲಿ ಸಂಬಳವಿಲ್ಲದ ಹನ್ನೆರಡು ವಾರಕ್ಕೇ ಹೋರಾಡಬೇಕಾಯಿತು. 1985ರಲ್ಲಿ ಮಸೂದೆ ಬಂತು. 1990ರಲ್ಲಿ ಎರಡೂ ಸದನ ದಾಟಿದಾಗ ಹಿರಿಯ ಬುಷ್ ವೀಟೋ ಮಾಡಿದರು. ಕೆಳಮನೆಯಲ್ಲಿ ಮೀರುವ ಪ್ರಯತ್ನಕ್ಕೆ 232 ಪರ, 195 ವಿರೋಧ; ಸಾಲಲಿಲ್ಲ. 1992ರಲ್ಲಿ ಮತ್ತೆ ಒಪ್ಪಿದರು, ಮತ್ತೆ ವೀಟೋ. ಈ ಸಲ ಸೆನೆಟ್ 68ಕ್ಕೆ 31ರಿಂದ ಮೀರಿತು. ಕೆಳಮನೆ 258ಕ್ಕೆ 169ರಲ್ಲಿ ನಿಂತಿತು. ಅದು ಚುನಾವಣೆಯ ವರ್ಷ. ಯಾರು ಪರ, ಯಾರು ವಿರೋಧ ಎಂಬ ಪಟ್ಟಿ ಎಲ್ಲರ ಮುಂದಿತ್ತು. ತಾನು ಗೆದ್ದರೆ ಸಹಿ ಹಾಕುತ್ತೇನೆ ಎಂದು ಕ್ಲಿಂಟನ್ ಹೇಳಿದರು. 1993ರ ಫೆಬ್ರವರಿ 5ರಂದು ಅವರು ಅಧ್ಯಕ್ಷರಾಗಿ ಸಹಿ ಹಾಕಿದ ಮೊದಲ ಕಾನೂನು ಅದೇ. ವೀಟೋವನ್ನು ಸಭೆಯಲ್ಲಿ ಮೀರಲಾಗಲಿಲ್ಲ, ಆದರೆ ವೀಟೋ ಮಾಡುವವರನ್ನು ಬದಲಿಸಲಾಯಿತು. ಈ ನಡುವಿನ ಎರಡೂವರೆ ವರ್ಷಗಳಲ್ಲಿ ಹೆತ್ತು, ಅದಕ್ಕಾಗಿ ಕೆಲಸ ಕಳೆದುಕೊಂಡವರಿಗೆ ಮಾತ್ರ ಆ ಕಾನೂನು ಏನೂ ಮಾಡಲಿಲ್ಲ.

ಮಾತಾಡದ ‘ಬೇಡ’

ಇಲ್ಲಿಯ ವರೆಗೆ ಹೇಳಿದ್ದು ಬಾಯಿಬಿಟ್ಟು ಹೇಳಿದ ‘ಬೇಡ’. ಇನ್ನೊಂದು ಬಗೆಯಿದೆ. ಹತ್ತು ದಿನ ಮುಗಿಯುವ ಮೊದಲೇ ಕಾಂಗ್ರೆಸ್ಸಿನ ಅಧಿವೇಶನ ಮುಗಿದುಹೋದರೆ, ಅಧ್ಯಕ್ಷ ಸಹಿಯನ್ನೂ ಹಾಕದೆ, ಹಿಂದಕ್ಕೂ ಕಳಿಸದೆ ಸುಮ್ಮನಿದ್ದರೆ ಸಾಕು, ಮಸೂದೆ ಸಾಯುತ್ತದೆ. ಇದಕ್ಕೆ ಜೇಬಿನ ವೀಟೋ ಎನ್ನುತ್ತಾರೆ. ಮರುಮತದಾನವಿಲ್ಲ, ಹೆಸರುಗಳ ಪಟ್ಟಿಯಿಲ್ಲ, ಮೀರುವ ದಾರಿಯೇ ಇಲ್ಲ. ರೂಸ್‌ವೆಲ್ಟರ 635ರಲ್ಲಿ 263 ಇಂಥವು.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ಬಿ.ಎ. ಮುಗಿಸಿ ಎಂ.ಎ.ಗೆ ಅರ್ಜಿ ತಂದೆ. ಪೋಷಕರ ಸಹಿ ಬೇಕಿತ್ತು. ಅಪ್ಪ ಬೈಯಲಿಲ್ಲ, ಬೇಡ ಎನ್ನಲಿಲ್ಲ. “ನೋಡೋಣ” ಎಂದು ಅರ್ಜಿಯನ್ನು ಗೂಡಿನಲ್ಲಿ ಪಂಚಾಂಗದ ಅಡಿಗೆ ಇಟ್ಟರು. ಕೊನೆಯ ದಿನಾಂಕ ದಾಟಿತು. ನಾನು ಯಾರ ಮೇಲೆ ಜಗಳವಾಡಲಿ? ಯಾರೂ ಬೇಡ ಎಂದಿರಲಿಲ್ಲ. ಮರುವರ್ಷ ಮತ್ತೆ ಅರ್ಜಿ ತಂದು, ಮನೆಯವರೆಲ್ಲ ಊಟಕ್ಕೆ ಕೂತಾಗ ಕೇಳಿದೆ: “ಅಪ್ಪ, ನಾಡಿದ್ದು ಕೊನೇ ದಿನ. ಸಹಿ ಹಾಕಿ, ಇಲ್ಲ ಬೇಡ ಅನ್ನಿ. ಬೇಡ ಅಂದರೆ ಯಾಕೆ ಅಂತ ಹೇಳಿ.” ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. “ಹೇಳೋ, ಯಾಕೆ ಅಂತ ಹೇಳು” ಎಂದಳು. ಹೇಳಲು ಅಪ್ಪನ ಹತ್ತಿರ ಕಾರಣವಿರಲಿಲ್ಲ. ಸಹಿ ಹಾಕಿದರು. ಆ ಒಂದು ವರ್ಷ ಮಾತ್ರ ನನಗೆ ಮರಳಿ ಬರಲಿಲ್ಲ.

ನಮ್ಮ ದೇಶಕ್ಕೆ ಬಂದರೆ, ಸಂವಿಧಾನದ 111ನೆಯ ವಿಧಿಯ ಪ್ರಕಾರ ಸಂಸತ್ತಿನ ಮಸೂದೆಗೆ ರಾಷ್ಟ್ರಪತಿಯ ಅಂಕಿತ ಬೇಕು. ಹಣಕಾಸಿನ ಮಸೂದೆಯಲ್ಲದಿದ್ದರೆ ಅವರು ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಸಂಸತ್ತು ಸಾಧಾರಣ ಬಹುಮತದಿಂದ ಮತ್ತೆ ಒಪ್ಪಿದರೆ ಅಂಕಿತ ಹಾಕಲೇಬೇಕು. ಮೀರುವುದು ಅಮೆರಿಕಕ್ಕಿಂತ ಸುಲಭ. ಆದರೆ ಎಷ್ಟು ದಿನದೊಳಗೆ ಉತ್ತರ ಕೊಡಬೇಕೆಂದು ಅಲ್ಲಿ ಬರೆದಿಲ್ಲ. 1986ರಲ್ಲಿ ಅಂಚೆ ಕಾಗದಗಳನ್ನು ಒಡೆದು ನೋಡಲು ಸರ್ಕಾರಕ್ಕೆ ಅಧಿಕಾರ ಕೊಡುವ ಮಸೂದೆಯನ್ನು ಜೈಲ್ ಸಿಂಗ್ ಅಂಕಿತವೂ ಹಾಕದೆ, ಹಿಂದಕ್ಕೂ ಕಳಿಸದೆ ಇಟ್ಟುಕೊಂಡರು. ಅದು ಕಾನೂನಾಗಲಿಲ್ಲ. ಅಂದು ಆ ಮೌನ ನಮ್ಮ ಪರವಾಗಿತ್ತು. ಎಲ್ಲ ಮೌನವೂ ಹಾಗಿರುವುದಿಲ್ಲ.

ಹಿಂದೂ ಕೋಡ್ ಮಸೂದೆಯ ಕಾಲ ನೆನಪಿಸಿಕೊಳ್ಳಿ. 1951ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಈ ಮಸೂದೆಯ ವಿಷಯದಲ್ಲಿ ತಾವು ಸ್ವಂತ ವಿವೇಚನೆಯಿಂದ ನಡೆಯಬಯಸುವುದಾಗಿ ನೆಹರೂ ಅವರಿಗೆ ಬರೆದರು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಗೆ ಬದ್ಧ ಎಂದು ಸೆತಲ್ವಾಡ್, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅಭಿಪ್ರಾಯ ಕೊಟ್ಟರು. ವೀಟೋ ಆಗಲಿಲ್ಲ. ಆದರೆ ಮಸೂದೆಯೂ ಆಗ ಮುಂದೆ ಹೋಗಲಿಲ್ಲ, ಅದೇ ತಿಂಗಳು ಅಂಬೇಡ್ಕರ್ ರಾಜೀನಾಮೆ ಕೊಟ್ಟರು. ಅದು ತುಂಡುತುಂಡಾಗಿ ಬಂದದ್ದು 1955, 1956ರಲ್ಲಿ. ವರದಕ್ಷಿಣೆ ನಿಷೇಧ ಮಸೂದೆಯ ಅಡ್ಡಿ ಬೇರೆ ಬಗೆಯದು. ಲೋಕಸಭೆಗೂ ರಾಜ್ಯಸಭೆಗೂ ತಿದ್ದುಪಡಿಗಳ ಮೇಲೆ ಒಮ್ಮತ ಬರಲಿಲ್ಲ. ಗಣರಾಜ್ಯದ ಮೊಟ್ಟಮೊದಲ ಜಂಟಿ ಅಧಿವೇಶನ 1961ರ ಮೇ 6 ಮತ್ತು 9ರಂದು ಸೇರಿದ್ದು ಅದಕ್ಕಾಗಿಯೇ. ನೀವು ದಿನವೂ ಹೆಸರೆತ್ತುವ ಕಾಯಿದೆ ಹೀಗೆ ಅಡ್ಡಗಟ್ಟೆ ದಾಟಿ ಬಂದದ್ದು.

ಈಗ ನಮ್ಮ ಕರ್ನಾಟಕದ ಮಾತು. ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದ್ದಿದೆ. ಅದರ ಹೆಸರಿನಲ್ಲಿರುವ ವರ್ಷ 1990. ಕೇಂದ್ರದ ಕಾನೂನನ್ನು ಮುಟ್ಟುವ ವಿಷಯವಾದ್ದರಿಂದ ರಾಷ್ಟ್ರಪತಿಯ ಅಂಕಿತ ಬೇಕಿತ್ತು. ಜಾರಿಗೆ ಬಂದದ್ದು 1994ರ ಜುಲೈ 30. ಅದಕ್ಕೂ ಮೊದಲು ಮದುವೆಯಾದ ಮಗಳಿಗೆ ಈ ಹಕ್ಕಿಲ್ಲ ಎಂದು ಅದರಲ್ಲೇ ಬರೆದಿತ್ತು. ಅಂದರೆ ಆ ನಾಲ್ಕು ವರ್ಷಗಳಲ್ಲಿ ಈ ನಾಡಿನಲ್ಲಿ ಹಸೆಮಣೆ ಏರಿದ ಹೆಣ್ಣುಮಕ್ಕಳೆಲ್ಲ ಹೊರಗುಳಿದರು. ಆಸ್ತಿಯ ಪಾಲಿಲ್ಲ, ಬದಲಿಗೆ ವರದಕ್ಷಿಣೆ ಕೊಟ್ಟು ಕಳಿಸಿದ್ದೇವಲ್ಲ ಎಂಬ ಉತ್ತರ. ಯಾರೂ ‘ಬೇಡ’ ಎಂದಿರಲಿಲ್ಲ. ತಡವಾಯಿತು, ಅಷ್ಟೇ. 2005ರ ಕೇಂದ್ರ ತಿದ್ದುಪಡಿ ಬರುವ ವರೆಗೆ ಅವರು ಕಾದರು. ಅಷ್ಟರಲ್ಲಿ ಪಾಲಾಗಿಹೋದ ಮನೆಗಳಲ್ಲಿ ಅದೂ ಇಲ್ಲ.

ಅಂಕಿತಕ್ಕೆ ಗಡುವು ಇರಬೇಕೇ ಎಂಬುದು 2025ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ದೊಡ್ಡ ಪ್ರಶ್ನೆಯಾಯಿತು. ಏಪ್ರಿಲ್‌ನಲ್ಲಿ ಇಬ್ಬರು ನ್ಯಾಯಾಧೀಶರು ರಾಜ್ಯಪಾಲರಿಗೂ ರಾಷ್ಟ್ರಪತಿಗೂ ತಿಂಗಳುಗಳ ಮಿತಿ ಹಾಕಿದರು. ನವೆಂಬರ್‌ನಲ್ಲಿ ಐವರ ಸಂವಿಧಾನ ಪೀಠ, ಹಾಗೆ ಮಿತಿ ಹಾಕುವುದು ಕೋರ್ಟಿನ ಕೆಲಸವಲ್ಲ, ಕಾರಣವಿಲ್ಲದ ದೀರ್ಘ ವಿಳಂಬವಾದರೆ ಮಾತ್ರ ತೀರ್ಮಾನಿಸಿ ಎನ್ನಬಹುದು ಎಂದು ಅಭಿಪ್ರಾಯಪಟ್ಟಿತು. ಹಾಗಾದರೆ ಕೇಳುವ ಹೊಣೆ ಬಂದು ನಿಲ್ಲುವುದು ಹೊರಗಿರುವ ನಮ್ಮ ಮೇಲೆ.

ಮುಗಿಸುತ್ತೇನೆ. 2,600ರಲ್ಲಿ 112 ಎಂಬ ಲೆಕ್ಕ ಕೇಳಿ ಎದೆಗುಂದಬೇಡಿ. ಬರೆದು ಕೊಟ್ಟ ‘ಬೇಡ’ವನ್ನು ಹಿಡಿದು ಹೋರಾಡಬಹುದು; ಅದರ ಕಾರಣವನ್ನು ಪ್ರಶ್ನಿಸಬಹುದು, ಅದಕ್ಕೆ ಮತ ಕೊಟ್ಟವರನ್ನು ಮುಂದಿನ ಚುನಾವಣೆಯಲ್ಲಿ ಕೇಳಬಹುದು. ಮೌನದ ಜೊತೆ ಹೋರಾಡಲು ಹಿಡಿಯೇ ಸಿಗುವುದಿಲ್ಲ. ಆದ್ದರಿಂದ ಮೊದಲ ಕೆಲಸ, ಮೌನವನ್ನು ಮಾತಾಡಿಸುವುದು. ನಾಳೆ ಠಾಣೆಯಲ್ಲಿ ನಿಮ್ಮ ದೂರು ತೆಗೆದುಕೊಳ್ಳದೆ “ನಾಳೆ ಬಾಮ್ಮ” ಎಂದರೆ ಹಿಂಬರಹ ಕೇಳಿ. ದಿನಾಂಕ ಹಾಕಿಸಿ. ಕಾರಣ ಬರೆಸಿ. ಬರೆದವರ ಹೆಸರು, ಹುದ್ದೆ ಕೇಳಿ. ಶಾಸಕರು ನಿಮ್ಮ ಮನವಿ ಪಡೆದು “ನೋಡೋಣ” ಎಂದರೆ ಯಾವ ದಿನ ಎಂದು ಕೇಳಿ, ಮತ್ತೆ ಆ ದಿನ ಹೋಗಿ. ಅವಧಿ, ಕಾರಣ, ಹೆಸರು, ಮತ್ತೊಮ್ಮೆ ಎಣಿಕೆ. ಇದಿಷ್ಟನ್ನು ನಿಮ್ಮ ಚೀಲದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡರೆ ನಾನು ಇಷ್ಟು ದೂರ ಬಸ್ಸಿನಲ್ಲಿ ಬಂದದ್ದು ಸಾರ್ಥಕ.